ವರ್ಡ್ ಫೈಲಿನಲ್ಲಿ ಫೋಟೋ: ಒಳಗೇ ಇಡೋದಾ, ಲಿಂಕ್ ಕೊಡೋದಾ?

ನಾಲ್ಕೈದು ಜನ ಸೇರಿ 200 ಪುಟದ ಸ್ಮರಣ ಸಂಚಿಕೆ ಮಾಡುವಾಗ ಈ ಪ್ರಶ್ನೆ ಬಂದೇ ಬರುತ್ತದೆ.

ಲಿಂಕ್ ಕೊಟ್ಟರೆ ಫೈಲ್ ಹಗುರ. ಫೋಟೋ ಹೊರಗಿನ ಫೋಲ್ಡರ್‌ನಲ್ಲೇ ಇರುತ್ತದೆ. ಆದರೆ ಯಾರೋ ಆ ಫೋಲ್ಡರ್ ಹೆಸರು ಬದಲಿಸಿದರು ಅನ್ನಿ, ಚಿತ್ರದ ಜಾಗದಲ್ಲಿ ಕೆಂಪು ಗುರುತಿನ ಖಾಲಿ ಚೌಕ! ಫೈಲನ್ನಷ್ಟೇ ಮೇಲ್ ಮಾಡಿದರೂ ಅದೇ ಪಾಡು. ಎಲ್ಲರೂ ಒಂದೇ ಆಫೀಸಿನ ಸರ್ವರ್ ಬಳಸುವವರಾದರೆ ಮಾತ್ರ ಇದು ಸರಿ.

ಮನೆ ಮನೆಯಿಂದ ಕೆಲಸ ಮಾಡುವ ಗುಂಪಿಗೆ ನಾನು ಹೇಳುವುದು ಒಳಗೇ ಇಡಿ ಅಂತ. ಫೈಲ್ ಉಬ್ಬುತ್ತದೆ, ನಿಜ. 4 ಎಂಬಿಯ ಮೊಬೈಲ್ ಫೋಟೋ ಕುಗ್ಗಿಸದೆ ಏಳು ಹಾಕಿದರೆ ಜಿಮೇಲ್‌ನ 25 ಎಂಬಿ ಮಿತಿ ದಾಟಿತು. ಜಿಪ್ ಮಾಡಿ ಕುಗ್ಗಿಸೋಣ ಅಂದರೆ ಅದೂ ಸುಮ್ನೆ ಶ್ರಮ. ವರ್ಡ್‌ನ ಡಾಕ್‌ಎಕ್ಸ್ ಫೈಲೇ ಒಂದು ಜಿಪ್, ಒಳಗಿನ ಜೆಪೆಗ್ ಫೋಟೋನೂ ಮೊದಲೇ ಕುಗ್ಗಿದ್ದು. ಕ್ರಾಪ್ ಮಾಡಿ ತೆಗೆದ ಭಾಗವೂ ಒಳಗೇ ಕೂತಿರಬಹುದು. (ಪಕ್ಕದಲ್ಲಿ ನಿಂತವರನ್ನು ಕತ್ತರಿಸಿದ್ದರೆ ಮುಜುಗರ, ಅಲ್ವಾ?) ಅದಕ್ಕೆ ವರ್ಡ್‌ನಲ್ಲಿ ಚಿತ್ರ ಕುಗ್ಗಿಸುವ ಕಂಪ್ರೆಸ್ ಪಿಕ್ಚರ್ಸ್‌ಗೆ ಹೋಗಿ, ಕ್ರಾಪ್ ಆದದ್ದನ್ನು ಅಳಿಸುವ ಆಯ್ಕೆಗೆ ಟಿಕ್ ಹಾಕಿ. ಪ್ರಿಂಟಿಗೆ 220 ಪಿಪಿಐ (ಇಂಚಿಗೆ ಅಷ್ಟು ಪಿಕ್ಸೆಲ್), ಸ್ಕ್ರೀನ್ ಮೇಲೆ ಓದಲು 150 ಸಾಕು. ಅದಕ್ಕೂ ಮೊದಲು ಮೂಲ ಫೋಟೋಗಳನ್ನು ಬೇರೆ ಕಡೆ ಎತ್ತಿಡಿ.