ಕೋಡಿಂಗ್ ಕಲಿಯಿರಿ, ಆದರೆ ಅಸಲಿ ಫೈಲ್‌ಗಳ ಮೇಲೆ ಬೇಡ

ಆನ್‌ಲೈನ್‌ನಲ್ಲಿ ಪುಕ್ಕಟೆ ಪಾಠ ನೋಡಿ ಕೋಡಿಂಗ್ ಕಲಿಯಲು ಹೊರಟವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ಪ್ರೋಗ್ರಾಮರ್ ಅಲ್ಲ, ಅನುವಾದದ ಕೆಲಸ ಮಾಡುವವನು. ಆರು ವರ್ಷದ ಟಿಪ್ಪಣಿಗಳು 214 ಟೆಕ್ಸ್ಟ್ ಫೈಲ್‌ಗಳಲ್ಲಿದ್ದವು. ಒಂದು ಸಂಜೆ ಅಷ್ಟೂ ಖಾಲಿಯಾದವು. ವೈರಸ್ ಬಂದಿರಲಿಲ್ಲ, ಯಾರೂ ಹ್ಯಾಕ್ ಮಾಡಿರಲಿಲ್ಲ. ನಾನೇ ಕೈಯಾರೆ ಮಾಡಿಕೊಂಡಿದ್ದು.

ಒಂದು ಪದದ ಕಾಗುಣಿತವನ್ನು ಎಲ್ಲಾ ಫೈಲ್‌ಗಳಲ್ಲೂ ತಿದ್ದಬೇಕಿತ್ತು. ಎರಡು ವಾರ ವಿಡಿಯೊ ನೋಡಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತಿದ್ದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪ್ ಬರುತ್ತಿತ್ತು, ಜೊತೆಗೆ ಸ್ವಲ್ಪ ಜಂಬವೂ ಬಂದಿತ್ತು. ಒಂದೊಂದೇ ಫೈಲ್ ತೆರೆದು ಓದಿ ತಿದ್ದುವ ಏಳೆಂಟು ಸಾಲು ಬರೆದು ಓಡಿಸಿದೆ. ಮೊದಲ ಫೈಲಿಗೇ ‘ಯೂನಿಕೋಡ್ ಡಿಕೋಡ್ ಎರರ್’, ಅಂದರೆ ಅಕ್ಷರಗಳನ್ನು ಓದಲಾಗಲಿಲ್ಲ ಎಂಬ ದೂರು.

ಕಾರಣ ಈಗ ಗೊತ್ತು. ನನ್ನ ವಿಂಡೋಸ್‌ನಲ್ಲಿದ್ದ ಪೈಥಾನ್, ನಾವಾಗಿ ಹೇಳದಿದ್ದರೆ, ಯುರೋಪಿನ ಭಾಷೆಗಳಿಗೆಂದು ಮಾಡಿದ, ಅಕ್ಷರಗಳನ್ನು ಅಂಕಿಗಳಾಗಿ ಉಳಿಸುವ ಹಳೆಯ ಎನ್‌ಕೋಡಿಂಗ್‌ನಲ್ಲಿ ಫೈಲ್ ಓದಲು ಹೋಗುತ್ತದೆ. ನನ್ನ ಕನ್ನಡ ಟಿಪ್ಪಣಿಗಳಿದ್ದದ್ದು ಎಲ್ಲ ಭಾಷೆಯ ಅಕ್ಷರಗಳೂ ಹಿಡಿಸುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ. ಒಂದು ಒತ್ತಕ್ಷರ ಸಿಕ್ಕರೂ ಸಾಕು, ಮುಗ್ಗರಿಸುತ್ತದೆ. ಫೈಲ್ ತೆರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸೇರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ವಿಡಿಯೊಗಳಲ್ಲಿ ಇದರ ಸುದ್ದಿಯೇ ಇಲ್ಲ. ಉದಾಹರಣೆಗಳೆಲ್ಲ ಇಂಗ್ಲಿಷಿನವು. ಸಾಲದ್ದಕ್ಕೆ ಅವು ಪೈಥಾನ್ 2ರ ಕಾಲದ ಪಾಠಗಳು. ಆ ಪೈಥಾನ್‌ಗೆ 2020ರ ಜನವರಿ 1ಕ್ಕೇ ಬೆಂಬಲ ನಿಂತಿದೆ. ಪರದೆಯ ಮೇಲೆ ತೋರಿಸುವ ಪ್ರಿಂಟ್ ಆಜ್ಞೆಯ ಮುಂದೆ, ಈಗಿನ ಪೈಥಾನ್ 3ಕ್ಕೆ ಬೇಕೇ ಬೇಕಾದ ಬ್ರ್ಯಾಕೆಟ್ ಇಲ್ಲದ್ದು ನೋಡಿದಾಗಲೇ ಅನುಮಾನ ಬರಬೇಕಿತ್ತು, ಅಲ್ವಾ? ನಾನು ಬ್ರ್ಯಾಕೆಟ್ ಸೇರಿಸಿಕೊಂಡು ಸುಮ್ನೆ ಮುಂದೆ ಹೋದೆ.

ಎರರ್ ಯಾಕೆ ಬಂತು ಎಂದು ಹುಡುಕಲಿಲ್ಲ, ಎರರ್ ಬಾರದ ಹಾಗೆ ಮಾಡುವುದು ಹೇಗೆ ಎಂದು ಹುಡುಕಿದೆ. ಸಿಕ್ಕಿದ್ದು ಟ್ರೈ, ಎಕ್ಸೆಪ್ಟ್, ಪಾಸ್. ಅಂದರೆ, ಮಾಡಿ ನೋಡು, ಎಡವಿದರೆ ಬಾಯಿ ಮುಚ್ಚಿಕೊಂಡು ಮುಂದಿನದಕ್ಕೆ ಹೋಗು. ಅದನ್ನು ತಂದು ಅಂಟಿಸಿದೆ. ಎರರ್ ಮಾಯ. ಆದರೆ ಫೈಲ್‌ಗಳೂ ಬದಲಾಗಲಿಲ್ಲ. ಬರೆಯಲು ಅನುಮತಿ ಕೊಟ್ಟಿಲ್ಲವೇನೋ ಅನಿಸಿತು. ‘ಡಬ್ಲ್ಯೂ ಎಂದರೆ ರೈಟ್’ ಎಂದು ವಿಡಿಯೊದಲ್ಲಿ ಕೇಳಿದ್ದು ನೆನಪಾಯಿತು. ಓದುವ ಸಾಲಿಗೇ ಡಬ್ಲ್ಯೂ ಹಾಕಿದೆ.

ಡಬ್ಲ್ಯೂ ಹಾಕಿ ಫೈಲ್ ತೆರೆದರೆ, ಒಂದಕ್ಷರ ಬರೆಯುವ ಮೊದಲೇ, ತೆರೆದ ಕ್ಷಣದಲ್ಲೇ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಹಾಗೆ ತೆರೆದ ಫೈಲನ್ನು ಓದಲೂ ಬರುವುದಿಲ್ಲ, ಓದಲು ಹೋದರೆ ಎರರ್ ಬಂದು ಪ್ರೋಗ್ರಾಂ ನಿಲ್ಲುತ್ತದೆ. ನಿಂತಿದ್ದರೆ ನಾನು ಕಳೆದುಕೊಳ್ಳುತ್ತಿದ್ದದ್ದು ಒಂದೇ ಫೈಲ್. ಆದರೆ ಪಾಸ್ ಇತ್ತಲ್ಲ! 214 ಸಲ ಅಳಿಸಿತು, 214 ಸಲ ಸುಮ್ಮನಾಯಿತು. ಕೊನೆಗೆ ನಾನೇ ಬರೆದಿಟ್ಟಿದ್ದ ‘ಮುಗಿಯಿತು’ ಎಂಬ ಸಾಲು ಪರದೆಯ ಮೇಲೆ ಬಂತು.

ಫೋಲ್ಡರ್ ತೆರೆದರೆ ಹೆಸರುಗಳೆಲ್ಲ ಹಾಗೇ ಇವೆ, ಎಲ್ಲದರ ಸೈಜ್ 0 ಕೆಬಿ. ರೀಸೈಕಲ್ ಬಿನ್‌ನಲ್ಲೂ ಏನಿಲ್ಲ. ಫೈಲ್ ಡಿಲೀಟ್ ಆಗಿದ್ದರೆ ತಾನೇ ಅಲ್ಲಿರುವುದು? ಹಳೆಯ ಪೆನ್ ಡ್ರೈವ್, ಯಾರ್ಯಾರಿಗೋ ಕಳಿಸಿದ್ದ ಮೇಲ್‌ಗಳನ್ನೆಲ್ಲ ಜಾಲಾಡಿದೆ. 173 ಸಿಕ್ಕವು. ಉಳಿದವು ಹೋದವು.

ಈಗ ಏನೇ ಬರೆದರೂ ಮೊದಲು ಬೇರೆ ಫೋಲ್ಡರ್‌ಗೆ ಎರಡು ಮೂರು ಫೈಲ್ ಕಾಪಿ ಮಾಡಿಕೊಂಡು ಅದರ ಮೇಲೆ ಓಡಿಸುತ್ತೇನೆ. ತಿದ್ದಿದ್ದನ್ನು ಹೊಸ ಹೆಸರಿನಲ್ಲಿ ಉಳಿಸುತ್ತೇನೆ, ಹಳೆಯದನ್ನು ಮುಟ್ಟುವುದಿಲ್ಲ. ಎರರ್ ಬಂದರೆ ಕೊನೆಯ ಸಾಲನ್ನು ಮೊದಲು ಓದುತ್ತೇನೆ, ಪೈಥಾನ್ ತಕರಾರು ಏನೆಂದು ಹೇಳುವುದು ಅಲ್ಲೇ. ಪಾಠದಲ್ಲಿರುವುದು ಯಾವ ಆವೃತ್ತಿ ಎಂದು ನೋಡದೆ ವಿಡಿಯೊ ಶುರು ಮಾಡುವುದಿಲ್ಲ.

ಅಂದಹಾಗೆ, ಪೈಥಾನ್‌ನವರದ್ದೇ ಅಧಿಕೃತ ಪಾಠವಿದೆ, ಅದೂ ಪುಕ್ಕಟೆ. ಡಬ್ಲ್ಯೂ ಹಾಕಿದರೆ ಅದೇ ಹೆಸರಿನ ಹಳೆಯ ಫೈಲ್ ಅಳಿಸಿಹೋಗುತ್ತದೆ ಎಂದು ಅದರಲ್ಲಿ ಬ್ರ್ಯಾಕೆಟ್ ಒಳಗೆ ಬರೆದಿದ್ದಾರೆ. ನಾನದನ್ನು ಓದಿದ್ದು ಮರುದಿನ ಬೆಳಿಗ್ಗೆ.