ತಂಬುಳಿಗೆ ಪೂರ್ಣ ಅಂಕ, ಹೆಸರಿಗೆ ಸೊನ್ನೆ

ನನ್ನ ಹೆಸರನ್ನು ಯಜಮಾನರು ಸರಿಯಾಗಿ ಹೇಳುವ ತನಕ ಅವರ ಹೋಟೆಲಿನ ಹೆಸರನ್ನು ನಾನೂ ಹೇಳುವುದಿಲ್ಲ. ಸಾಗರದ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಊಟದ ಹೋಟೆಲು. ಊರಿನವರಿಗೆ ಇಷ್ಟು ಸಾಕು.

ಬಾಳೆಲೆ ಊಟ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ. ಆದರೆ ಹೋಗಬೇಕಾದದ್ದು ಒಂದೆಲಗದ ತಂಬುಳಿಗಾಗಿ. ಎಲೆಯನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ಕಾಯಿಯ ಜೊತೆ ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸುತ್ತಾರೆ. ಕುದಿಸುವುದಿಲ್ಲವಾದ್ದರಿಂದ ಸೊಪ್ಪಿನ ಸಣ್ಣ ಕಹಿ ಹಾಗೆಯೇ ಉಳಿಯುತ್ತದೆ. ನೆನಪಿನ ಶಕ್ತಿಗೆ ಒಳ್ಳೆಯದೆಂದು ಪರೀಕ್ಷೆಯ ಹೊತ್ತಿಗೆ ನಮ್ಮ ಕಡೆ ಮಕ್ಕಳಿಗೆ ಬಲವಂತವಾಗಿ ಉಣ್ಣಿಸುವ ತಂಬುಳಿ ಇದು. ಯಜಮಾನರು ಬಡಿಸುತ್ತಾರೆಯೇ ಹೊರತು ತಾವು ಉಣ್ಣುವಂತೆ ಕಾಣುವುದಿಲ್ಲ.

ನಾನು ಸುಮಿತ್ರಾ. ಅವರಿಗೆ ನಾನು ಸಾವಿತ್ರಕ್ಕ. ಮೊದಲ ಸಲವೇ ತಿದ್ದಿದೆ. "ಅಯ್ಯೋ, ಹೌದಲ್ಲ, ಸುಮಿತ್ರಕ್ಕ!" ಎಂದು ನಾಲಿಗೆ ಕಚ್ಚಿಕೊಂಡವರು ಮಜ್ಜಿಗೆ ತರುವಷ್ಟರಲ್ಲಿ "ಸಾವಿತ್ರಕ್ಕ, ಇನ್ನು ಸ್ವಲ್ಪ ಅನ್ನ?" ಎಂದರು. ಆಮೇಲೆ ತಿದ್ದುವ ಮುಖ ಯಾರಿಗಿದೆ? ಎದುರು ಕೂರುವ ಅಡಿಕೆ ಮಂಡಿಯ ಗುಮಾಸ್ತರು ನಾಗರಾಜ. ನಾಗೇಶ ಎಂದು ಕರೆದರೂ ತಲೆ ತಗ್ಗಿಸಿಕೊಂಡು ಓಗೊಡುತ್ತಾರೆ.

ಮರೆವಿನ ಮನುಷ್ಯರೆಂದು ಹೇಳುವಂತೆಯೂ ಇಲ್ಲ. ನಾನು ಉಪ್ಪಿನಕಾಯಿಯ ರಸ ಹಾಕಿಸಿಕೊಳ್ಳುವುದಿಲ್ಲ ಎಂಬುದು ಗೊತ್ತು. ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೊ ದ್ರಾವಣ ಹೊಡೆಸಿದ್ದಾಯಿತೇ ಎಂದು ಮರೆಯದೆ ಕೇಳುತ್ತಾರೆ. ಊರಿಗೆ ದಾರಿಯಿದೆ, ತೋಟಕ್ಕೆ ರೋಗವಿದೆ, ನೆನಪಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ಸುಮಿತ್ರಾ ಎಂಬುದಕ್ಕೆ ನನ್ನ ಮುಖದಲ್ಲಿ ಯಾವ ಗುರುತಿದೆ?

ನನ್ನ ದೂರು ಪಾರ್ಸೆಲ್ಲಿನದು. ಆಷಾಢದ ಮಳೆಯಲ್ಲಿ ಫೋನ್ ಮಾಡಿ ಎರಡು ಊಟ ಹೇಳಿಟ್ಟಿದ್ದೆ. ನಾನು ತಲುಪುವ ಮುನ್ನ ನಿಜವಾದ ಸಾವಿತ್ರಿಯೊಬ್ಬರು ಬಂದು ಆ ಚೀಲ ಒಯ್ದಿದ್ದರು. ನನಗೆ ಉಳಿದದ್ದು ಅವರ ಒಂದೇ ಊಟ. ಯಜಮಾನರು ಯಾವ ಹೆಸರಿನ ತಂಟೆಗೂ ಹೋಗದೆ "ಅಕ್ಕ, ಅಕ್ಕ" ಎನ್ನುತ್ತಲೇ ಇನ್ನೊಂದು ಕಟ್ಟಿಸಿದರು, ಅದಕ್ಕೆ ದುಡ್ಡು ಬೇಡವೆಂದರು. ಗಲ್ಲಾದ ಮೇಲೆ ಇಟ್ಟೇ ಬಂದೆ.

ಫೋನಿನಲ್ಲಿ ಹೇಳಿಡುವವರು ಹೆಸರಿನ ಬದಲು ಊರು ಹೇಳಿ, ಎಷ್ಟು ಊಟವೆಂದು ಎರಡು ಸಲ ಹೇಳಿ. ಕೂತು ಉಣ್ಣುವವರು ಹನ್ನೆರಡೂವರೆಗೇ ಹೋಗಿ. ತಡವಾದರೆ ತಂಬುಳಿ ಮುಗಿದು ಬರೀ ಸಾರು ಉಳಿದಿರುತ್ತದೆ, ಆ ಸಾರು ಅಷ್ಟಕ್ಕಷ್ಟೇ.