ನೀರು ಹಸಿರಾಗಿದೆಯೆಂದು ‘ಯುವಿ ಲೈಟ್’ ಕೊಳ್ಳಲು ಹೊರಟವರು ಮೊದಲು ಇದನ್ನು ಓದಿರಿ

ಮನೆಯಲ್ಲಿ ಅಕ್ವೇರಿಯಂ ಇಟ್ಟುಕೊಂಡಿರುವ ಹುಬ್ಬಳ್ಳಿ-ಧಾರವಾಡದವರು ನೀರು ಹಸಿರಾಯಿತೆಂದು ಅಂಗಡಿಗೆ ಓಡುವ ಮೊದಲೇ ಇದನ್ನು ಓದಬೇಕು, ಓಡಿ ಬಂದ ಮೇಲೆ ಓದಿ ಪ್ರಯೋಜನವಿಲ್ಲ. ನಾನು ಓಡಿದೆ. ಒಂದು ಸಲವಲ್ಲ, ಮೂರು ಸಲ ಧಾರವಾಡದಿಂದ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ ಬಂದೆ. ಒಟ್ಟು 3,510 ರೂಪಾಯಿ ಹೋಯಿತು, ಮೂರು ಮೀನು ಸತ್ತವು, ನೀರು ಮಾತ್ರ ಹಸಿರಾಗಿಯೇ ಉಳಿಯಿತು.

ನಾಚಿಕೆಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ದ್ಯುತಿಸಂಶ್ಲೇಷಣೆಯ ಪಾಠವನ್ನು 22 ವರ್ಷಗಳಿಂದ ಮಾಡುತ್ತಿದ್ದೇನೆ. ಅಂಥವನು ಎರಡು ಅಡಿ ಉದ್ದದ ತೊಟ್ಟಿಯನ್ನು ಪೂರ್ವದ ಕಿಟಕಿಗೆ ಹೊಂದಿಸಿ ಇಟ್ಟು, ಬೆಳಗಿನ ಬಿಸಿಲಿನಲ್ಲಿ ಮೀನುಗಳು ಹೊಳೆಯುವುದನ್ನು ನೋಡಿ ಸಂತೋಷಪಟ್ಟು, ರಾತ್ರಿ 11 ಗಂಟೆಯವರೆಗೆ ದೀಪ ಉರಿಸಿ, ನಾಲ್ಕು ಗೋಲ್ಡ್‌ಫಿಶ್ ಮತ್ತು ಆರು ಮೊಲ್ಲಿಗಳಿಗೆ ದಿನಕ್ಕೆ ಮೂರು ಹೊತ್ತು ಕಾಳು ಹಾಕಿದೆ. ಬೆಳಕೂ ಹೆಚ್ಚು, ತಿನ್ನದೆ ಉಳಿದ ಕಾಳು ಮತ್ತು ಮೀನಿನ ಹೊಲಸಿನಿಂದ ಬರುವ ನೈಟ್ರೇಟ್, ಫಾಸ್ಫೇಟ್‌ಗಳೂ ಹೆಚ್ಚು. ಪಾಚಿಗೆ ಇನ್ನೇನು ಬೇಕು? ಮಾರ್ಚ್ ತಿಂಗಳ ಬಿಸಿಲಿಗೆ ಹತ್ತೇ ದಿನದಲ್ಲಿ ನೀರು ಮೆಂತ್ಯದ ಸೊಪ್ಪು ಕುದಿಸಿ ಬಸಿದಂತಾಯಿತು. ಅರ್ಧ ನೀರು ಚೆಲ್ಲಿ ಹೊಸ ನೀರು ತುಂಬಿದರೆ ಮೂರನೆಯ ದಿನಕ್ಕೆ ಮತ್ತೆ ಅದೇ ಬಣ್ಣ. ನೀರಿನಲ್ಲಿ ತೇಲುವ ಏಕಕೋಶದ ಪಾಚಿಯಿದು, ಉಳಿದ ಅರ್ಧದಿಂದಲೇ ಮತ್ತೆ ದ್ವಿಗುಣಗೊಳ್ಳುತ್ತ ಹೋಗುತ್ತದೆ ಎಂಬುದನ್ನು ನಾನೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಅಂಗಡಿಯ ಹೆಸರು ಬರೆಯುವುದಿಲ್ಲ. ಮೊದಲ ಸಲ ಹೋದಾಗ ಚೀಟಿಯೇ ಇಲ್ಲದ ಒಂದು ಸಣ್ಣ ಬಾಟಲಿಯನ್ನು ‘ಪಾಚಿ ಔಷಧ’ವೆಂದು 350 ರೂಪಾಯಿಗೆ ಕೊಟ್ಟರು. “ಒಂದು ಮುಚ್ಚಳ ಹಾಕ್ರಿ ಸರ, ಮೂರು ದಿನದಾಗ ನೀರು ಗ್ಲಾಸಿನಂಗ ಆಗ್ತಾವು” ಎಂದರು. ಎಷ್ಟು ಲೀಟರಿಗೆ ಒಂದು ಮುಚ್ಚಳ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು, ಸಂಜೆಗೆ ಒಂದು ಗೋಲ್ಡ್‌ಫಿಶ್ ಸತ್ತಿತು. ಪಾಚಿ ಒಮ್ಮೆಲೇ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಆ ಹೊತ್ತಿನಲ್ಲಿ ನೀರಿಗೆ ಗಾಳಿ ಊದುವ ಏರೇಟರ್ ನಿಲ್ಲಿಸಲೇಬಾರದು. ಇದನ್ನು ಬಾಟಲಿ ಮಾರಿದವರು ಹೇಳಬೇಕಿತ್ತು. ಅದೇ ಸಲ ‘ಪಾಚಿ ತಿನ್ನುತ್ತಾವು’ ಎಂದು 160 ರೂಪಾಯಿಗೆ ಎರಡು ಸಕ್ಕರ್ ಮೀನುಗಳನ್ನೂ ಕಟ್ಟಿದ್ದರು. ಅವು ಗಾಜಿಗೆ, ಕಲ್ಲಿಗೆ ಅಂಟಿದ್ದನ್ನು ಕೆರೆದು ತಿನ್ನುತ್ತವೆಯೇ ಹೊರತು ನೀರಿನಲ್ಲಿ ತೇಲುವುದನ್ನು ತಿನ್ನಲಾರವು.

ಎರಡನೆಯ ಸಲ ‘ಫುಲ್ ಸರ್ವಿಸ್’ ಎಂದು 600 ರೂಪಾಯಿ ತೆಗೆದುಕೊಂಡು ಒಬ್ಬ ಹುಡುಗನನ್ನು ಮನೆಗೆ ಕಳುಹಿಸಿದರು. ಅಂದು ನಮ್ಮ ಓಣಿಗೆ ನಳದ ನೀರು ಬಂದ ದಿನ. ಆತ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಫಿಲ್ಟರಿನ ಸ್ಪಂಜನ್ನು ಅದೇ ಕ್ಲೋರಿನ್ ವಾಸನೆಯ ನಳದ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ಹಿಂಡಿ ಹಿಂಡಿ ತೊಳೆದು, ನೇರವಾಗಿ ನಳದಿಂದಲೇ ತುಂಬಿ ಹೋದನು. ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾಗಳು ವಾಸಿಸುವುದೇ ಆ ಸ್ಪಂಜಿನಲ್ಲಿ. ಕ್ಲೋರಿನ್ನಿಗೆ ಅವು ಸತ್ತರೆ ಮತ್ತೆ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನೀರು ಒಂದು ದಿನ ಗಾಜಿನಂತಿತ್ತು, ಆಮೇಲೆ ಮಜ್ಜಿಗೆಯಂತೆ ಬೆಳ್ಳಗಾಯಿತು, ಎರಡು ಮೊಲ್ಲಿಗಳು ಸತ್ತವು, ವಾರದೊಳಗೆ ಮತ್ತೆ ಹಸಿರು. ಸಾರಜನಕ ಚಕ್ರದ ಚಿತ್ರವನ್ನು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುವವನು ನಾನು! ಆ ಹುಡುಗನಿಗೆ ಚಹಾ ಮಾಡಿಸಿ ಕೊಟ್ಟು ಕಳುಹಿಸಿದ್ದೆ.

ಇವೆಲ್ಲ ಅಜ್ಞಾನವೆಂದು ಬಿಡಬಹುದು. ಮೂರನೆಯದು ಅಜ್ಞಾನವಲ್ಲ, ಮೋಸ.

“ಸರ, ಇದಕ್ಕ ಯುವಿನ ಬೇಕ್ರೀ, ಯುವಿ ಹಾಕಿದ್ರ ಪಾಚಿ ವಂಶನ ಇರಂಗಿಲ್ಲ” ಎಂದು 2,400 ರೂಪಾಯಿಗೆ ಒಂದು ಉಪಕರಣ ಕೊಟ್ಟರು. ಯುವಿ, ಅಂದರೆ ನೇರಳಾತೀತ ಕಿರಣ, ಪಾಚಿ ಕೊಲ್ಲುತ್ತದೆ ಎಂಬ ಮಾತು ಸುಳ್ಳಲ್ಲ, ಅದಕ್ಕೇ ನಾನು ಬಿದ್ದೆ. ನಿಜವಾದ ಯುವಿ ಉಪಕರಣದಲ್ಲಿ ಪಂಪು ನೀರನ್ನು ಮುಚ್ಚಿದ ಕೋಣೆಯೊಳಗೆ ನೇರಳಾತೀತ ದೀಪದ ಪಕ್ಕದಲ್ಲಿ ಹರಿಸುತ್ತದೆ, ತೇಲುವ ಪಾಚಿ ಅಲ್ಲಿ ಸಾಯುತ್ತದೆ. ಆ ಬೆಳಕು ಕಣ್ಣಿಗೆ, ಚರ್ಮಕ್ಕೆ ಅಪಾಯಕಾರಿ, ಆದ್ದರಿಂದಲೇ ಅದನ್ನು ಮುಚ್ಚಿಟ್ಟಿರುತ್ತಾರೆ. ನನಗೆ ಕೊಟ್ಟದ್ದು ಪಾರದರ್ಶಕ ಕೊಳವೆ. ರಾತ್ರಿ ಹಚ್ಚಿದರೆ ಇಡೀ ಪಡಸಾಲೆ ನೀಲಿಯಾಗುತ್ತಿತ್ತು. ನಾವು ಮನೆಮಂದಿಯೆಲ್ಲ ಎದುರು ಕುಳಿತು ನೋಡಿದೆವು. ಬಂದ ಬೀಗರಿಗೂ ಕರೆದು ತೋರಿಸಿ, ನೇರಳಾತೀತ ಕಿರಣದ ಬಗ್ಗೆ ಹತ್ತು ನಿಮಿಷ ವಿವರಣೆ ಕೊಟ್ಟೆ. ನೇರಳಾತೀತವನ್ನು ಕಣ್ಣಿನಿಂದ ಕಾಣಲಾಗದು ಎಂಬುದನ್ನೂ ಅದೇ ವಿವರಣೆಯಲ್ಲಿ ಹೇಳಿದೆ, ಹೇಳುತ್ತಿರುವಾಗಲೂ ನನಗೆ ಹೊಳೆಯಲಿಲ್ಲ.

ಹದಿನಾಲ್ಕು ದಿನ ಕಾಯ್ದೆ. ಹಸಿರು ಇನ್ನಷ್ಟು ದಟ್ಟವಾಯಿತು, ಆಗದೇನು, ಪಾಚಿಗೆ ಇನ್ನೊಂದು ದೀಪ ಹಚ್ಚಿಕೊಟ್ಟಂತಾಗಿತ್ತಲ್ಲ! ಕೊನೆಗೆ ಅದನ್ನು ಚೀಲದಲ್ಲಿ ಹಾಕಿಕೊಂಡು ಧಾರವಾಡದಲ್ಲಿ ರೇಡಿಯೋ, ಮಿಕ್ಸರ್ ರಿಪೇರಿ ಮಾಡುವ ಪರಿಚಯದವರ ಹತ್ತಿರ ಹೋದೆ. ಅವರು ಎರಡು ಸ್ಕ್ರೂ ಬಿಚ್ಚಿ ಒಳಗಿನದನ್ನು ಎಳೆದು ಮೇಜಿನ ಮೇಲೆ ಇಟ್ಟರು. ಗಣಪತಿ ಮಂಟಪಕ್ಕೆ ಸುತ್ತುವ ನೀಲಿ ಎಲ್‌ಇಡಿ ಪಟ್ಟಿ. ಅಷ್ಟೇ. “ಸರ, ಇದಕ್ಕ ಎಷ್ಟ್ ಕೊಟ್ರಿ?” ಎಂದು ಕೇಳಿದರು. ನಾನು 300 ಎಂದು ಸುಳ್ಳು ಹೇಳಿದೆ. ಅದಕ್ಕೂ ಅವರು, “ಜಾಸ್ತಿ ಆತ್ರಿ” ಎಂದರು.

ಅಂಗಡಿಗೆ ಫೋನ್ ಮಾಡಿದಾಗ ಬಂದ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ಮೊದಲು, “ಹೊಸಾ ಟೆಕ್ನಾಲಜಿ ರೀ ಸರ, ಈಗ ಎಲ್ಲಾ ಎಲ್‌ಇಡಿನ ಬರ್ತಾವು.” ಯುವಿ ಎಲ್‌ಇಡಿಗಳು ಇರುವುದು ನಿಜ, ಹಾಗಾದರೆ ಇದರ ತರಂಗಾಂತರ ಎಷ್ಟೆಂದು ಕೇಳಿದೆ. “ನೀವು ಸೈನ್ಸ್ ಮಾಸ್ತರ ಅದೀರಿ, ನೀವ ಹೇಳಬೇಕ್ರೀ ನಮಗ.” ಈ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಹಣ ವಾಪಸ್ಸು ಕೊಡಿ ಎಂದೆ. “ಬಿಲ್ ಐತೇನ್ರೀ?” ಬಿಲ್ ಎಲ್ಲಿಂದ ಬರಬೇಕು, ಅವರು ಕೊಟ್ಟದ್ದು ‘ಲೈಟ್ 2400’ ಎಂದು ಪೆನ್ಸಿಲಿನಲ್ಲಿ ಬರೆದ ಚೀಟಿ. ಅದರಲ್ಲಿ ಯುವಿ ಎಂಬ ಎರಡಕ್ಷರವೂ ಇಲ್ಲ. ಬೇಕೆಂದೇ ಬರೆದಿಲ್ಲ, ಈಗ ಅರ್ಥವಾಗುತ್ತಿದೆ. ಮರುದಿನ ವಾಟ್ಸಾಪಿನಲ್ಲಿ ಚೀಟಿಯ ಫೋಟೋ ಕಳುಹಿಸಿದೆ. ಕೈಮುಗಿದ ಚಿತ್ರವೊಂದು ಬಂತು, ಅದರ ಹಿಂದೆಯೇ “ಇನ್ನೊಂದ್ ಸ್ಟ್ರಾಂಗ್ ಔಷಧ ಬಂದೈತಿ ಸರ, 450, ನಿಮಗ 400ಕ್ಕ ಕೊಡ್ತೀನಿ” ಎಂಬ ಸಂದೇಶ ಬಂತು.

ನೀರು ತಿಳಿಯಾದದ್ದು ಹೇಗೆಂದು ಕೇಳಿದರೆ ನಿಮಗೂ ನಗು ಬಂದೀತು. ತೊಟ್ಟಿಯನ್ನು ಕಿಟಕಿಯಿಂದ ಒಳಗೋಡೆಗೆ ಸರಿಸಿದೆ. ದೀಪ ಆರಿಸಿ, ನಮ್ಮ ಅವ್ವನ ಹಳೆಯ ಕೌದಿಯನ್ನು ನಾಲ್ಕು ದಿನ ಸುತ್ತಲೂ ಹೊದಿಸಿದೆ. ಏರೇಟರ್ ಹಗಲುರಾತ್ರಿ ಓಡುತ್ತಿತ್ತು, ಕಾಳು ಹಾಕಲಿಲ್ಲ. ಐದನೆಯ ದಿನ ಕೌದಿ ತೆಗೆದಾಗ ನೀರು ಬೂದುಬಣ್ಣಕ್ಕೆ ತಿರುಗಿತ್ತು. ಕ್ಲೋರಿನ್ ಹೋಗಲೆಂದು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟ ನೀರಿನಿಂದ ಮೂರನೆಯ ಒಂದು ಭಾಗ ಬದಲಾಯಿಸಿದೆ, ಎರಡು ದಿನ ಬಿಟ್ಟು ಮತ್ತೊಮ್ಮೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದೆ. ಈಗ ದಿನಕ್ಕೆ ಆರು ಗಂಟೆ ದೀಪ, ಒಂದೇ ಹೊತ್ತು ಕಾಳು. ಖರ್ಚು ಸೊನ್ನೆ. “ಕೌದಿಗೆ ಎಷ್ಟು ಕೊಟ್ರಿ?” ಎಂದು ಮನೆಯವರು ದಿನವೂ ಕೇಳುತ್ತಾರೆ.

ಯುವಿ ಕೊಳ್ಳಲೇಬೇಕೆಂದರೆ ಹೆಸರು, ವ್ಯಾಟು ಬರೆದ ಪಕ್ಕಾ ಬಿಲ್ ಕೇಳಿರಿ, ದೀಪ ಹೊರಗೆ ಬೆತ್ತಲೆಯಾಗಿ ಕಾಣುವಂತಿದ್ದರೆ ಅಲ್ಲಿಯೇ ಇಟ್ಟು ಬನ್ನಿರಿ. ಚೀಟಿಯಿಲ್ಲದ ಬಾಟಲಿಯನ್ನು ಮುಟ್ಟಬೇಡಿರಿ. ಇನ್ನು ಆ ಸಕ್ಕರ್ ಮೀನುಗಳು ಒಂದು ಅಡಿಗಿಂತಲೂ ಉದ್ದ ಬೆಳೆಯುತ್ತವೆ, ನನ್ನ ತೊಟ್ಟಿಗೆ ಹೊಂದುವುದಿಲ್ಲ, ವಾಪಸ್ಸು ತೆಗೆದುಕೊಳ್ಳಿ ಎಂದದ್ದಕ್ಕೆ ಆ ಮಹಾಶಯರು, “ಉಣಕಲ್ ಕೆರಿಗೆ ಬಿಟ್ಟುಬಿಡ್ರಿ ಸರ” ಎಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿರಿ. ದಕ್ಷಿಣ ಅಮೆರಿಕದ ಈ ಮೀನು ನಮ್ಮ ಕೆರೆಗೆ ಸೇರಿ ಮೊಟ್ಟೆಯಿಟ್ಟು ಮರಿ ಮಾಡತೊಡಗಿದರೆ ಅಲ್ಲಿನ ಮೀನುಗಳ ಆಹಾರಕ್ಕೇ ಕುತ್ತು. ಎರಡೂ ಸದ್ಯಕ್ಕೆ ನನ್ನ ತೊಟ್ಟಿಯಲ್ಲೇ ಇವೆ. ದೊಡ್ಡ ತೊಟ್ಟಿ ಇರುವವರು ಯಾರಾದರೂ ಬಂದು ಪುಕ್ಕಟೆಯಾಗಿ ಒಯ್ಯಬಹುದು.